ಬಾಯಿ ಬಿಟ್ಟು ಕೇಳದವಳು

ಮೊದಲೇ ಹೇಳಿಬಿಡುತ್ತೇನೆ. ಇದು ಕಟ್ಟುಕತೆ ಅಲ್ಲ. ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿರುವುದೂ ಅಲ್ಲ. ಕೂಸು ನನ್ನ ಮಡಿಲಲ್ಲೇ ಇತ್ತು, ನನ್ನ ಕಣ್ಣು ತೆರೆದೇ ಇದ್ದವು, ನಾನೇ ನೋಡಿದ್ದೇನೆ. ಓದಿದ ಮೇಲೆ “ಪಾಪ, ಇವಳಿಗೂ ತಲೆ ಕೆಟ್ಟಿದೆ” ಅನ್ನುವವರು ಧಾರಾಳವಾಗಿ ಅನ್ನಬಹುದು. ತಲೆ ಕೆಡುವುದು ಅಂದರೇನು ಅಂತ ನನಗೆ ನಿಮಗಿಂತ ಚೆನ್ನಾಗಿ ಗೊತ್ತು. ಅದೇ ನನ್ನ ಕೆಲಸ.

ನಾನು ನರ್ಸಿಂಗ್ ಕಲಿತವಳು. ಹುಬ್ಬಳ್ಳಿ ಹತ್ತಿರದ ನವನಗರದ ಒಂದು ಬಾಡಿಗೆ ಮನೆಯಲ್ಲಿ ನಮ್ಮ ಸಣ್ಣ ಸಂಸ್ಥೆ ಇದೆ. ಅಲ್ಲಿ ಹಗಲು ರಾತ್ರಿ ಒಂದು ಫೋನು ಕಾಯುತ್ತಿರುತ್ತದೆ. ಬದುಕು ಸಾಕಾದವರು, ಮನೆಯವರು ಕೋಣೆಯಲ್ಲಿ ಕೂಡಿಹಾಕಿದವರು, ಮಗನಿಗೆ ಏನಾಗಿದೆ ಅಂತ ತಿಳಿಯದೆ ಅಳುವ ತಾಯಂದಿರು ಆ ಫೋನಿಗೆ ಕರೆ ಮಾಡುತ್ತಾರೆ. ಮಾತಿನಲ್ಲಿ ಬಗೆಹರಿಯದಿದ್ದರೆ ಗಾಡಿ ಹತ್ತಿ ಅವರ ಮನೆಗೇ ಹೋಗುತ್ತೇವೆ.

ಗಾಳಿ ಸೋಕಿದೆ, ದೆವ್ವ ಹಿಡಿದಿದೆ ಅಂತ ಹೊಡೆತ ತಿಂದು ಬಂದ ಹೆಣ್ಣುಮಕ್ಕಳ ಬೆನ್ನಿಗೆ ಮುಲಾಮು ಹಚ್ಚಿದ ಕೈ ಇದು. ಹಾಗಾಗಿ ದೆವ್ವದ ಮಾತೆತ್ತಿದರೆ ಸಾಕು, ನನಗೆ ಪಿತ್ತ ನೆತ್ತಿಗೇರುತ್ತದೆ. ಆವತ್ತಿಗೂ ಹಾಗೇ ಇತ್ತು. ಇವತ್ತಿಗೂ ಹಾಗೇ ಇದೆ, ಅದನ್ನು ನೆನಪಿಟ್ಟುಕೊಂಡು ಮುಂದೆ ಓದಿ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಹತ್ತಿ ಬಿಡಿಸುವ ಕಾಲ. ದೀಪ ಹಚ್ಚುವ ಹೊತ್ತಿಗೆ ಸುಳ್ಳ ಅನ್ನುವ ಹಳ್ಳಿಯಿಂದ ಫೋನ್ ಬಂತು. ಮಾಡಿದವಳು ಗಿರಿಜಾ, ಆ ಊರಿನ ಆಶಾ ಕಾರ್ಯಕರ್ತೆ.

“ಅಕ್ಕಾರ, ಲಗೂ ಬರ್ರಿ. ಸುಜಾತಾ ಅಂತ ಬಾಣಂತಿ ಒಬ್ಬಾಕಿ ಇದ್ದಾಳ್ರಿ. ರಾತ್ರಿ ಹಗಲು ಮಲಗವಲ್ಲಳು, ಕೂಸನ್ನ ಯಾರ ಕೈಯಾಗೂ ಕೊಡವಲ್ಲಳು. ನಾಳಿ ನಸಕಿನ್ಯಾಗ ಗಾಳಿ ಬಿಡಿಸೋರ ಹತ್ರ ಕರಕೊಂಡು ಹೊಂಟಾರ. ಅಲ್ಲಿ ಮೆಣಸಿನಕಾಯಿ ಹೊಗಿ ಹಾಕ್ತಾರ್ರಿ, ಕೂಸನ್ನ ತಾಯಿ ಕಡಿಂದ ಬ್ಯಾರೆ ಇಡ್ತಾರ…”

ಹೆರಿಗೆಯಾದ ಕೆಲವು ಹೆಣ್ಣುಮಕ್ಕಳಿಗೆ ಹೀಗಾಗುತ್ತದೆ. ನಿದ್ದೆ ಹಾರಿಹೋಗುತ್ತದೆ, ಇಲ್ಲದ ದನಿ ಕೇಳುತ್ತದೆ, ಕೂಸಿಗೆ ಯಾರೋ ಕೇಡು ಮಾಡುತ್ತಾರೆ ಅನಿಸುತ್ತದೆ. ಔಷಧಿ ಇದೆ, ವಾಸಿಯಾಗುತ್ತದೆ. ಆದರೆ ತಡ ಮಾಡಿದರೆ ತಾಯಿ ಕೂಸು ಎರಡೂ ಕೈತಪ್ಪಬಹುದು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಅಮರಗೋಳ ದಾಟಿ, ಹುಬ್ಬಳ್ಳಿ ಹಾದು ಸುಳ್ಳ ಮುಟ್ಟುವಷ್ಟರಲ್ಲಿ ಪೂರ್ತಿ ಕತ್ತಲೆ. ಗಾಡಿಗೆ ಇನ್ನೊಂದು ಕಡೆಯಿಂದ ಕರೆ ಬಂತು, ನನ್ನನ್ನು ಇಳಿಸಿ ಅದು ವಾಪಸ್ ಹೋಯಿತು.

ಹಳೆಯ ಮಾಳಿಗೆ ಮನೆ. ಪಡಸಾಲೆಯ ತುಂಬ ಬಿಡಿಸಿ ತಂದ ಹತ್ತಿ, ಎದೆಮಟ್ಟ ರಾಶಿ. ನಡುವೆ ಒಬ್ಬರು ಹೋಗುವಷ್ಟು ದಾರಿ, ಅದರ ಮೇಲೂ ಹತ್ತಿ ಚೆಲ್ಲಿತ್ತು. ಕಾಲಿಟ್ಟರೆ ಸಪ್ಪಳವೇ ಇಲ್ಲ. ನನ್ನ ಹೆಜ್ಜೆ ನನಗೇ ಕೇಳಿಸದೆ ಒಂಥರಾ ಆಯಿತು.

ದಾರಿಯ ಕೊನೆಗೆ ಕುರ್ಚಿ ಹಾಕಿಕೊಂಡು ಸುಜಾತಾಳ ಸೋದರಮಾವ ಚನಬಸಪ್ಪ ಕೂತಿದ್ದರು. ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರ, ಮನೆಯಲ್ಲಿ ಅವರದೇ ಮಾತು. ಸುಜಾತಾಳ ಗಂಡನಿಗೆ ಗದಗದಲ್ಲಿ ಕೆಲಸ, “ಹಿರಿಯಾರು ಹೆಂಗ ಹೇಳ್ತಾರ ಹಂಗ ಮಾಡ್ರಿ” ಅಂತ ಫೋನಿನಲ್ಲೇ ಕೈ ತೊಳೆದುಕೊಂಡಿದ್ದ.

“ಬರ್ರಿ ಮೇಡಂ. ನಿಮ್ಮ ಗುಳಿಗಿಗೆ ಗಾಳಿ ಅಂಜತೈತೇನ್ರಿ?” ಅಂದರು ಚನಬಸಪ್ಪ, ಅರ್ಧ ನಗುತ್ತ.

“ಗುಳಿಗಿಗೆ ಅಂಜಲಿಲ್ಲಂದ್ರ ನನಗ ಅಂಜತೈತಿ ತಗೋರಿ,” ಅಂದು ಒಳಗೆ ಹೋದೆ.

ಬಾಣಂತಿ ಕೋಣೆ. ಕಿಟಕಿ ಮುಚ್ಚಿ ಗೋಣಿತಟ್ಟು ಬಿಟ್ಟಿದ್ದರು. ಹಗ್ಗದ ಮಂಚ, ಅಂದರೆ ಹೊರಸು, ಅದರ ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ, ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನದ ಹೊಗೆ. ಮೂಗು ಕಣ್ಣು ಎರಡೂ ಉರಿದವು. ಹೊರಸಿನ ಮೂಲೆಗೆ ಒತ್ತಿಕೊಂಡು ಸುಜಾತಾ ಕೂತಿದ್ದಳು, ಕೂಸನ್ನು ಎದೆಗೆ ಅವುಚಿಕೊಂಡು. ನಿದ್ದೆಗೆಟ್ಟ ಕಣ್ಣು ಕೆಂಪಗೆ ಊದಿದ್ದವು. ಅವಳ ತಾಯಿ ನೀಲವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸುತ್ತಿದ್ದಳು.

ಮೊದಲ ಕೆಲಸ, ದಿಂಬಿನ ಕೆಳಗೆ ಕೈ ಹಾಕಿದೆ. ಎಣಿಸಿದಂತೆ ಕುಡಗೋಲು! ಬಾಣಂತಿಗೆ ಗಾಳಿ ತಾಗಬಾರದು ಅಂತ ಕಬ್ಬಿಣ ಇಡುತ್ತಾರೆ. ಮನಸ್ಸು ಹೀಗಾದವಳ ಕೈಗೆ ಕುಡಗೋಲು ಸಿಕ್ಕರೆ ಏನಾದೀತು ಅಂತ ಯಾರೂ ಯೋಚಿಸಿರಲಿಲ್ಲ.

“ಅಯ್ಯ ಶಿವನ, ಅದನ್ನ ತೆಗೀಬ್ಯಾಡ್ರಿ!” ನೀಲವ್ವ ಓಡಿ ಬಂದಳು.

“ಕಬ್ಬಿಣ ಇರಬೇಕು ಹೌದಿಲ್ಲೋ? ಅಡಗಿ ಮನ್ಯಾಗಿನ ಕಬ್ಬಿಣದ ಸೌಟು ತರ್ರಿ. ನಿಮ್ಮ ಗಾಳಿಗೆ ಸೌಟು ಯಾವುದು ಕುಡಗೋಲು ಯಾವುದು ಅಂತೇನು ತಿಳೀತೈತಿ?”

ಅಂಥದರಲ್ಲೂ ಸುಜಾತಾಳ ತುಟಿಯ ಅಂಚಿನಲ್ಲಿ ಸಣ್ಣ ನಗು ಮೂಡಿತು. ಈ ಹುಡುಗಿ ಇನ್ನೂ ಒಳಗೆ ಇದ್ದಾಳೆ, ಎಲ್ಲೂ ಹೋಗಿಲ್ಲ ಅಂತ ನನಗೆ ಧೈರ್ಯ ಬಂತು. ಪಕ್ಕದಲ್ಲಿ ಕೂತು ಕೇಳಿದೆ.

“ಏನಾಗೈತವ್ವಾ?”

“ಆಕಿ ಬರ್ತಾಳ್ರಿ ಅಕ್ಕಾರ… ಬಾಗಲದಾಗ ನಿಂತು ಕೇಳ್ತಾಳ. ‘ಕೂಸು ಕೊಡವಾ, ನಾ ಎತ್ಕೋತೇನಿ, ನೀ ಮಲಗು’ ಅಂತಾಳ. ಬೈಯಂಗಿಲ್ಲ, ಹೆದರಸಂಗಿಲ್ಲ, ಭಾಳ ಛಲೋ ಮಾತಾಡ್ತಾಳ್ರಿ. ಅದಕ್ಕ ನನಗ ಅಂಜಿಕಿ. ಮೊದಲನೇ ಸಲ ಅವ್ವನ ಅಂತ ತಿಳಕೊಂಡು ಕೊಟ್ಟ ಬಿಡ್ತಿದ್ನಿ.”

ಇಂಥ ಹೊತ್ತಿಗೆ ಹೇಳಲು ನಮಗೆ ಕಲಿಸಿದ ಮಾತೊಂದಿದೆ. ಅದನ್ನೇ ಹೇಳಿದೆ. “ನನಗ ಆ ದನಿ ಕೇಳವಲ್ದು ಸುಜಾತಾ. ಆದ್ರ ನಿನಗ ಕೇಳಾಕತ್ತೈತಿ, ನಿನಗ ಅಂಜಿಕಿ ಆಗೈತಿ, ಅದು ಖರೇ.”

ಅವಳು ನನ್ನನ್ನೇ ನೋಡಿದಳು. “ಕೇಳೂದಿಲ್ಲ ಬಿಡ್ರಿ ನಿಮಗ. ನಿಮ್ಮ ಕಡೆ ಕೂಸಿಲ್ಲಲ್ಲ.”

ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಈಗಲೇ ಕರೆತರುವುದು ಒಳ್ಳೆಯದು ಅಂದರು. ಆದರೆ ದೀಪ ಹಚ್ಚಿದ ಮೇಲೆ ಬಾಣಂತಿ ಹೊಸ್ತಿಲು ದಾಟಬಾರದು ಅಂತ ಮನೆಯವರೆಲ್ಲ ಒಂದೇ ಹಟ. ನಾನು ಬೈದೆ, ಬೇಡಿಕೊಂಡೆ, ಕೊನೆಗೆ ಕೂಗಾಡಿದೆ. ಊಹೂಂ. ಹಾಲು ಕುಡಿಸುವ ತಾಯಿ ಅಂತ ಡಾಕ್ಟರಿಗೆ ನೆನಪಿಸಿ, ನನ್ನ ಚೀಲದಲ್ಲಿದ್ದ ಯಾವ ಮಾತ್ರೆ ಕೊಡಬಹುದು ಅಂತ ಕೇಳಿಕೊಂಡೆ. ಅವಳು ಮಲಗಬೇಕು, ಒಂದು ಗಳಿಗೆಯೂ ಒಬ್ಬಳನ್ನೇ ಬಿಡಬಾರದು, ಸ್ವಲ್ಪ ಹೆಚ್ಚುಕಮ್ಮಿ ಕಂಡರೂ ಆಂಬುಲೆನ್ಸ್ ಕರೆಯಬೇಕು, ಬೆಳಕು ಹರಿಯುತ್ತಲೇ ಆಸ್ಪತ್ರೆಗೆ ತರಬೇಕು ಅಂದರು.

ಚನಬಸಪ್ಪರ ಮುಂದೆ ಹೋಗಿ ನಿಂತೆ. “ಇದೊಂದು ರಾತ್ರಿ ನನಗ ಕೊಡ್ರಿ. ಆಕಿ ಮಲಗಿದ್ರ ಮುಂಜಾನಿ ನಿಮ್ಮ ಗಾಡಿ ಹುಬ್ಬಳ್ಳಿ ಆಸ್ಪತ್ರಿಗೆ ಹೋಗಬೇಕು. ಮಲಗಲಿಲ್ಲಂದ್ರ ನಿಮ್ಮ ದಾರಿ ನಿಮಗ.”

ಅವರು ಮೀಸೆ ಸವರಿಕೊಂಡರು. “ಆತು ಮೇಡಂ. ಆದ್ರ ರಾತ್ರಿ ನಿಮಗ ಏನರ ಕಂಡ್ರ ಮುಚ್ಚಿಡಬಾರದು ಮತ್ತ.”

“ಕಂಡ್ರ ನೋಡೂಣ!” ಅಂದೆ. ಎಷ್ಟು ಜಂಬ ನನಗೆ!

ಈಗ ಸಮಸ್ಯೆ ಏನೆಂದರೆ, ಕೂಸನ್ನು ಬಿಡದೆ ಸುಜಾತಾ ಮಲಗುವಂತಿರಲಿಲ್ಲ. ಮನೆಯವರೂ ಹಗಲೆಲ್ಲ ಅವಳಿಗೆ ಅದನ್ನೇ ಹೇಳುತ್ತಿದ್ದರು, ಕೂಸು ಕೊಡು, ನೀನು ಮಲಗು ಅಂತ. ಆ ದನಿಯೂ ಅದನ್ನೇ ಹೇಳಿದರೆ ಪಾಪ ಅವಳಿಗೆ ಯಾರು ಯಾರು ಅಂತ ಹೇಗೆ ತಿಳಿಯಬೇಕು? ಯೋಚನೆ ಮಾಡಿ ಒಂದು ಉಪಾಯ ತೆಗೆದೆ. ಇಂಥ ಸಣ್ಣಪುಟ್ಟ ಕಟ್ಟಳೆಗಳನ್ನು ನಾವು ಮನೆಮನೆಯಲ್ಲೂ ಮಾಡುತ್ತೇವೆ, ಗಾಬರಿಯಾದವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ.

“ಇವತ್ತ ರಾತ್ರಿ ಈ ಮನ್ಯಾಗ ಯಾರೂ ಕೂಸನ್ನ ಬಾಯಿ ಬಿಟ್ಟು ಕೇಳಂಗಿಲ್ಲ. ಬೇಕಂದ್ರ ಸುಮ್ನ ಎರಡೂ ಕೈ ಚಾಚಬೇಕು. ಬಾಯಿ ಬಿಟ್ಟು ಕೇಳಿದೋರು ನಮ್ಮವರಲ್ಲ, ಅವರಿಗೆ ಕೊಡಬ್ಯಾಡ. ತಿಳೀತಿಲ್ಲೋ?”

ಸುಜಾತಾ ಕೂಸನ್ನು ಇನ್ನಷ್ಟು ಅವುಚಿಕೊಂಡಳು. ನಾನು ಮಾತಾಡದೆ ಕೈ ಚಾಚಿದೆ. ಅವಳು ಕೂಸಿನ ಹಣೆ ಮೂಸಿ ನೋಡಿ, ನಿಧಾನಕ್ಕೆ ನನ್ನ ಕೈಯಲ್ಲಿಟ್ಟಳು. ಬಾಗಿಲಲ್ಲಿದ್ದ ನೀಲವ್ವ ಗೊಳೋ ಅಂತ ಅತ್ತೇಬಿಟ್ಟಳು. ಸುಜಾತಾ ಮಾತ್ರೆ ನುಂಗಿ, ನನ್ನ ಸೀರೆಯ ನೆರಿಗೆ ಹಿಡಿದುಕೊಂಡು ಒರಗಿದಳು. ಸ್ವಲ್ಪ ಹೊತ್ತಿಗೆ ಆ ಕೈ ಸಡಿಲವಾಯಿತು. ನೀಲವ್ವ ಬಾಗಿಲು ಮುಂದಕ್ಕೆ ಮಾಡಿ, ಹೊರಸಿನ ಆಚೆ ಗೋಡೆಯ ಪಕ್ಕ ಕೌದಿ ಹಾಸಿಕೊಂಡು ಅಡ್ಡಾದಳು.

ಊರು ಮಲಗಿತು. ಪಡಸಾಲೆಯಲ್ಲಿ ಚನಬಸಪ್ಪರ ಕೆಮ್ಮು ನಿಂತಿತು. ನಾನು ಗೋಡೆಗೆ ಒರಗಿ, ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತೆ. ಎದುರಿಗೇ ಬಾಗಿಲು.

ಆಮೇಲೆ ಕರೆಂಟು ಹೋಯಿತು… ಸಣ್ಣ ಬಲ್ಬು ಆರಿ, ಅಗ್ಗಿಷ್ಟಿಗೆಯ ಕೆಂಡದ ಕೆಂಪು ಮಾತ್ರ ಉಳಿಯಿತು. ಅಜವಾನದ ಹೊಗೆಯ ನಡುವೆ ಬೇರೆ ಏನೋ ವಾಸನೆ. ಕೆರೆ ಬತ್ತುವಾಗ ಎರೆ ಮಣ್ಣು ಬಿಡುತ್ತದಲ್ಲ, ಅಂಥ ತಣ್ಣನೆಯ ಕೆಸರಿನ ವಾಸನೆ. ಮಳೆ ಬಿದ್ದು ಎಷ್ಟೋ ದಿನವಾಗಿತ್ತು.

ಬಾಗಿಲ ಆಚೆಯಿಂದ, ಮೆಲ್ಲಗೆ…

“ಕೂಸು ಕೊಡವಾ… ನಾ ಎತ್ಕೋತೇನಿ… ನೀ ಮಲಗು…”

ನೀವು ನಂಬುವುದಿಲ್ಲ, ನನಗೆ ಭಯವೇ ಆಗಲಿಲ್ಲ. ಸಿಟ್ಟು ಬಂತು! ನಿದ್ದೆಗಣ್ಣಿನ ಹೆಂಗಸಿನ ದನಿ, ಥೇಟ್ ನೀಲವ್ವನದೇ ಅನ್ನಿಸಿತು. ಕತ್ತಲಲ್ಲಿ ಯಾವಾಗ ಎದ್ದು ಹೊರಗೆ ಹೋದಳೋ ಏನೋ, ಅಷ್ಟು ಹೇಳಿದರೂ ಮತ್ತೆ ಬಾಯಿ ಬಿಟ್ಟು ಕೇಳುತ್ತಿದ್ದಾಳಲ್ಲ, ಸುಜಾತಾ ಎದ್ದರೆ ಗತಿ ಏನು ಅಂತ ರೇಗಿತು. ಪಿಸುಗುಟ್ಟಿದೆ.

“ನೀಲವ್ವಾರ, ಏನ್ರಿ ನೀವು! ಬಾಯಿ ಬಿಟ್ಟು ಕೇಳಬ್ಯಾಡ್ರಿ ಅಂತ ಹೇಳಿಲ್ಲೇನ್ರಿ ನಿಮಗ? ಸುಮ್ನ ಬಂದು ಕೈ ಚಾಚ್ರಿ, ಸಾಕು.”

ದನಿ ನಿಂತಿತು.

ಎಷ್ಟು ಹೊತ್ತೋ… ಹೊರಗೆ ನಾಯಿ ಕೂಡ ಬೊಗಳಲಿಲ್ಲ. ಆಮೇಲೆ ಬಾಗಿಲು ಕಿರ್ ಅನ್ನದೆ ತೆರೆಯಿತು. ತಲೆ ತುಂಬ ಸೆರಗು ಹೊದ್ದ ಹೆಂಗಸು, ಹೆಜ್ಜೆ ಸಪ್ಪಳವಿಲ್ಲ. ಹತ್ತಿಯ ಮೇಲೆ ನಡೆದು ಬಂದಿದ್ದಾಳೆ ಅಂದುಕೊಂಡೆ. ಬಗ್ಗಿ, ನನ್ನ ಮುಂದೆ ಎರಡೂ ಕೈ ಚಾಚಿದಳು. ಬಾಯಿ ಬಿಡಲಿಲ್ಲ.

ನನ್ನ ತೋಳು ಮರಗಟ್ಟಿತ್ತು, ಬಾಯಿ ಒಣಗಿತ್ತು. ಸದ್ಯ, ಒಂದು ಗುಟುಕು ನೀರಾದರೂ ಕುಡಿಯಬಹುದು ಅನ್ನಿಸಿತು. ಕೂಸನ್ನು ಎತ್ತಿದೆ. ಆ ಕೈಗಳ ಮೇಲೆ ಇಡಲು ಬಗ್ಗಿದೆ. ಕೂಸಿನ ಭಾರ ನನ್ನ ಕೈಯಿಂದ ಅರ್ಧ ಹಗುರಾಯಿತು…

ಯಾರೋ ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು.

“ಬ್ಯಾಡ್ರಿ ಅಕ್ಕಾರ.”

ಸುಜಾತಾ. ಹೊರಸಿನ ಮೇಲೆ ಎದ್ದು ಕೂತಿದ್ದಳು. ದನಿಯಲ್ಲಿ ನಡುಕವಿಲ್ಲ.

“ಅವ್ವ ಇಲ್ಲೇ ಮಲಗ್ಯಾಳ್ರಿ.”

ಹೊರಸಿನ ಆಚೆ, ಗೋಡೆಯ ಪಕ್ಕದಿಂದ, ನೀಲವ್ವನ ಗೊರಕೆ ಕೇಳಿಸಿತು.

ಕೂಸನ್ನು ಸರಕ್ಕನೆ ಎದೆಗೆ ಎಳೆದುಕೊಂಡೆ. ಆ ಕೈಗಳು ಮಾತ್ರ ಹಾಗೇ ಇದ್ದವು, ಕೆಂಡದ ಬೆಳಕಿನಲ್ಲಿ, ಚಾಚಿದಂತೆಯೇ. ಸೆರಗಿನ ಒಳಗೆ ಮುಖ ಇತ್ತೋ ಇಲ್ಲವೋ ನಾನು ನೋಡಲಿಲ್ಲ, ನೋಡುವ ಧೈರ್ಯ ಆಗಲಿಲ್ಲ. ಗುಟ್ಟು ಹೇಳಿಕೊಟ್ಟವಳು ನಾನೇ! ಏನು ಮಾಡಬೇಕು ಅಂತ ಬಾಗಿಲಾಚೆ ನಿಂತವಳಿಗೆ ಬಿಡಿಸಿ ಬಿಡಿಸಿ ಹೇಳಿದ್ದೆನಲ್ಲ! ಆ ಯೋಚನೆ ಬಂದಾಗ ಹೆದರಿಕೆಯ ಜಾಗದಲ್ಲಿ ಧಗ್ಗನೆ ಸಿಟ್ಟು ಹತ್ತಿಕೊಂಡಿತು.

“ಕೊಡಂಗಿಲ್ಲ,” ಅಂದೆ. ದನಿ ಒಡೆಯಿತು. ಮತ್ತೆ ಅಂದೆ, ಗಟ್ಟಿಯಾಗಿ. “ಕೊಡಂಗಿಲ್ಲ! ಮೈಯಾಗ ಕಸುವಿಲ್ಲದ ಬಾಣಂತಿನ್ನ ಕಾಡಾಕ ನಾಚಿಕಿ ಬರಂಗಿಲ್ಲೇನ ನಿನಗ? ನೀ ಯಾರರ ಆಗಿರು, ಎಲ್ಲಿಂದರ ಬಂದಿರು. ಈ ಕೂಸಿಗೆ ತಾಯಿ ಅದಾಳ. ತಾಯಿ ಜೋಡಿ ನಾ ಅದೇನಿ. ನಡಿ ಇಲ್ಲಿಂದ!”

ಸುಜಾತಾ ನನ್ನ ಮುಂಗೈ ಬಿಟ್ಟಿರಲಿಲ್ಲ. ಇನ್ನೊಂದು ಕೈಯಿಂದ ನಾನು ಮೊಬೈಲ್ ತಡಕಾಡಿ ಟಾರ್ಚ್ ಹಾಕಿದೆ.

ಯಾರೂ ಇಲ್ಲ. ಬಾಗಿಲು ತೆರೆದಿತ್ತು. ಆಚೆ ಹತ್ತಿಯ ರಾಶಿ ಬೆಳ್ಳಗೆ ಕಾಣುತ್ತಿತ್ತು, ಅಷ್ಟೇ.

ಕೂಸಿಗೆ ಸುತ್ತಿದ್ದ ಬಟ್ಟೆ ಕೆಳಗಡೆ ತಣ್ಣಗೆ ಒದ್ದೆಯಾಗಿತ್ತು. ಕೂಸು ಒದ್ದೆ ಮಾಡಿಕೊಂಡಿರಬೇಕು ಅಂತ ಬಿಚ್ಚಿ ನೋಡಿದೆ. ಒಳಗಿನ ಬಟ್ಟೆ ಪೂರಾ ಒಣಗಿತ್ತು.

ಸುಜಾತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಪಾಲಿಗೆ ಇಷ್ಟು ದಿನದಲ್ಲಿ ಮೊದಲ ಸಲ ಇನ್ನೊಬ್ಬರು ಅವಳ ಜೊತೆ ಆ ಬಾಗಿಲಿನ ಕಡೆ ನೋಡಿದ್ದರು. “ನೀವು ಕೊಡಂಗಿಲ್ಲಲ್ರಿ?” ಅಂತ ಕೇಳಿದಳು.

“ನನ್ನ ಕೈ ಮುರದ್ರೂ ಕೊಡಂಗಿಲ್ಲ.”

ಅವಳು ಮಲಗಿದಳು. ಎಂಥ ನಿದ್ದೆ ಅಂತೀರಿ! ಬಾಯಿ ತೆರೆದುಕೊಂಡು, ಕೈಕಾಲು ಚೆಲ್ಲಿ, ಕೂಸಿನಂತೆ. ಹಾಲಿನ ಹೊತ್ತಿಗೆ ನೀಲವ್ವ ಎದ್ದು, ಮಗಳನ್ನು ಎಬ್ಬಿಸದೆ, ಡಾಕ್ಟರು ಹೇಳಿದ್ದ ಪುಡಿಹಾಲನ್ನು ಚಮಚದಲ್ಲಿ ಕುಡಿಸಿದಳು. ಕೂಸು ಮಾತ್ರ ನನ್ನ ಮಡಿಲಲ್ಲೇ ಇತ್ತು. ನೀಲವ್ವ ಕೈ ಚಾಚಿದರೂ ನಾನು ಕೊಡಲಿಲ್ಲ.

ನಸುಕಿನಲ್ಲಿ ಮನೆಯವರು ಗೊತ್ತು ಮಾಡಿದ್ದ ಗಾಡಿ ಬಂದು ಹೊರಗೆ ಹಾರ್ನ್ ಹೊಡೆಯಿತು. ಚನಬಸಪ್ಪ ಕೋಣೆಯ ಬಾಗಿಲಿಗೆ ಬಂದು ನಿಂತರು.

“ಆಕಿ ಮಲಗ್ಯಾಳ,” ಅಂದೆ. “ನಡೀರಿ, ಆಸ್ಪತ್ರಿಗೆ ಹೋಗೂಣ.”

ಅವರು ಸೋದರಸೊಸೆಯ ಮುಖ ನೋಡಿದರು, ಆಮೇಲೆ ನನ್ನ ಮುಖ. ವ್ಯಾಪಾರದ ಕಣ್ಣು, ಅದಕ್ಕೆ ಎಲ್ಲ ಕಾಣುತ್ತದೆ. “ರಾತ್ರಿ ನಿಮ್ಮ ದನಿ ಕೇಳಿಸ್ತು. ಯಾರಿಗೋ ಬೈಯಾಕತ್ತಿದ್ರಿ. ಖರೇ ಹೇಳ್ರಿ, ನಿಮಗ ಏನರ ಕಾಣಿಸ್ತೇನ್ರಿ?”

ಹೌದು ಅಂದರೆ ಈ ಗಾಡಿ ಮೆಣಸಿನಕಾಯಿ ಹೊಗೆಯ ಕಡೆ ತಿರುಗುತ್ತದೆ. ಇಲ್ಲ ಅಂದರೆ ಸುಳ್ಳು. ನನಗೆ ಎರಡೂ ಬೇಡವಾಗಿತ್ತು.

“ಕಂಡಿದ್ರ ಏನ್ ಮಾಡ್ತೀರಿ?” ಅಂದೆ. “ನನ್ನೂ ಅಲ್ಲಿಗೆ ಒಯ್ದು ಹೊಡಸ್ತೀರೇನು? ನನ್ನ ಮಾರಿಗೂ ಹೊಗಿ ಹಾಕಸ್ತೀರೇನು? ಹಾಕಸ್ರಿ, ನೋಡೂಣ! ನನಗ ಏನ್ ಕಂಡ್ರೂ ಆಕಿ ಮಾರಿಗೆ ಹೊಗಿ ಯಾಕ?”

ಅಷ್ಟು ಹೊತ್ತೂ ತಮ್ಮನ ಮುಂದೆ ಉಸಿರೆತ್ತದಿದ್ದ ನೀಲವ್ವ, ಕೂಸಿನ ಬಟ್ಟೆಯ ಗಂಟನ್ನು ಬಗಲಿಗೆ ಏರಿಸಿಕೊಂಡಳು. “ತಮ್ಮಾ, ಮಾತು ಕೊಟ್ಟೀಯಲ್ಲ. ನನ್ನ ಮಗಳು ಮಲಗ್ಯಾಳ. ಗಾಡಿ ಹುಬ್ಬಳ್ಳಿ ಕಡೆ ತಿರಗಸು.”

ಚನಬಸಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಆಮೇಲೆ ತಾವೇ ಮುಂದೆ ಹೋಗಿ ಗಾಡಿಯ ಬಾಗಿಲು ತೆರೆದು ಹಿಡಿದರು.

ದಾರಿಯಲ್ಲಿ ಸುಜಾತಾಗೆ ಎಚ್ಚರವಾಯಿತು. ಕೂಸನ್ನು ಕೇಳಿ ಇಸಿದುಕೊಂಡಳು, ಸೆರಗಿನಲ್ಲಿ ಮುಚ್ಚಿಕೊಂಡಳು. ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ನೀವೂ ನೋಡಿದ್ರಿ, ಹೌದಲ್ರಿ?”

ಕಲಿಸಿದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ.

“ನೋಡಿದೆ.”

“ಹಂಗಾರ ನನಗ ಗುಳಿಗಿ ಯಾಕ್ರಿ?”

“ನೀ ಸೋತು ಸುಣ್ಣ ಆಗೀಯವ್ವಾ. ಎಷ್ಟು ದಿನ ಆತು ನಿದ್ದಿ ಕಂಡು? ಬಾಗಲದಾಗ ನಿಂತಾಕಿಗೆ ನನ್ನ ಕಡೆ ಔಷಧ ಇಲ್ಲ. ನಿನಗೈತಿ. ನೀ ಆರಾಮ ಆಗು, ಆಮ್ಯಾಲೆ ಆಕಿನ್ನ ಇಬ್ಬರೂ ಕೂಡಿ ನೋಡ್ಕೊಳ್ಳೂಣ.”

ಅವಳು ನಕ್ಕಳು. ಆಸ್ಪತ್ರೆಯಲ್ಲಿ ಮಾತ್ರೆಯನ್ನು ತಾನೇ ಕೈ ಚಾಚಿ ಇಸಿದುಕೊಂಡಳು.

ಸುಜಾತಾ ಈಗ ಆರಾಮಾಗಿದ್ದಾಳೆ. ತಿಂಗಳುಗಟ್ಟಲೆ ಔಷಧಿ ತಗೊಂಡಳು, ಹೇಳಿದ ದಿನಕ್ಕೆ ತಪ್ಪದೆ ನವನಗರಕ್ಕೆ ಬಂದಳು. ಕೂಸು ಗೋಡೆ ಹಿಡಿದು ನಡೆಯುತ್ತಿದೆ. ಆ ಹೆಂಗಸು ಆಮೇಲೆ ಅವಳಿಗೆ ಒಂದು ಸಲವೂ ಕಾಣಿಸಿಲ್ಲ. ನೋಡಿ, ನಾನು ಹೇಳಿರಲಿಲ್ಲವೇ? ಬಾಣಂತಿಯನ್ನು ಆಸ್ಪತ್ರೆಗೆ ಕರೆತನ್ನಿ ಅಂತ ಇವತ್ತೂ ಊರೂರು ತಿರುಗಿ ಕೂಗಿ ಹೇಳುತ್ತೇನೆ. ಯಾವ ದೆವ್ವ ಬಂದು ಅಡ್ಡ ನಿಂತರೂ ಹೇಳುತ್ತೇನೆ.

ನಮ್ಮ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ. ನಿದ್ದೆಯಿಲ್ಲ, ಹೊಗೆ, ಕತ್ತಲೆ, ಅವಳು ಹೇಳಿದ್ದು ನಿಮ್ಮ ತಲೆಯಲ್ಲಿ ಕೂತಿತ್ತು ಅಂದರು. ಇರಬಹುದು. ಮತ್ತೆ ಏನಾದರೂ ಕಂಡರೆ ನನಗೆ ತಿಳಿಸಬೇಕು ಅಂದರು. ಆಗಲಿ ಸರ್ ಅಂದೆ.

ಇನ್ನೂ ತಿಳಿಸಿಲ್ಲ. ಸುಜಾತಾ ಔಷಧಿ ತಗೊಂಡಳು, ವಾಸಿಯಾದಳು. ನಾನು ಯಾವ ಮಾತ್ರೆಯನ್ನೂ ತಗೊಂಡಿಲ್ಲ…

ಮೊನ್ನೆ ಇನ್ನೊಂದು ಮನೆಯಲ್ಲಿ, ಇನ್ನೊಬ್ಬ ಬಾಣಂತಿಯ ಪಕ್ಕ ರಾತ್ರಿ ಕೂತಿದ್ದೆ. ಪೇಟೆಯ ನಡುವಿನ ಮನೆ, ಟ್ಯೂಬ್‌ಲೈಟ್ ಉರಿಯುತ್ತಿತ್ತು. ಕೂಸು ನನ್ನ ಮಡಿಲಲ್ಲಿತ್ತು. ಎರೆ ಮಣ್ಣಿನ ಕೆಸರಿನ ವಾಸನೆ ಬಂತು. ನಾನು ಬಾಗಿಲ ಕಡೆ ತಿರುಗಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು, “ಕೊಡಂಗಿಲ್ಲ” ಅಂದೆ.

ಬಾಣಂತಿ ಕಣ್ಣು ತೆರೆದಳು. “ಯಾರಿಗ್ರಿ ಅಕ್ಕಾರ?”

“ಯಾರಿಗಿಲ್ಲ ತಂಗಿ,” ಅಂದೆ. ಬೆಳಗಾಗುವ ತನಕ ಕೂಸನ್ನು ಕೆಳಗಿಡಲಿಲ್ಲ.